ಎತ್ತಿನ ಹಲ್ಲು ಎಣಿಸೂ ನಾವು ಲ್ಯಾಪ್‌ಟಾಪಿಂದು ಯಾಕ ಎಣಿಸಂಗಿಲ್ಲ?

ಹೋದ ಐತಾರ ನಮ್ಮಣ್ಣನ ಮಗ ಹುಬ್ಬಳ್ಳಿ ಕೊಪ್ಪೀಕರ ರೋಡಿನಿಂದ ಫೋನ್ ಮಾಡಿದ. 'ಕಾಕಾ, ಐ7 ಲ್ಯಾಪ್‌ಟಾಪ್ ಸಿಕ್ಕೈತಿ. ಸೆಕೆಂಡ್ ಹ್ಯಾಂಡ್, ಹದಿನೆಂಟು ಸಾವಿರ. ತಗೊಳ್ಳೇನು?' ದನಿಯೊಳಗ ನಿಧಿ ಸಿಕ್ಕ ಖುಷಿ.

'ಐ7 ಇರ್ಲಿ, ಅದರ ಮುಂದಿನ ನಂಬರ್ ಓದು' ಅಂದೆ.

'ನಾಕು, ಆರು, ಸೊನ್ನಿ, ಸೊನ್ನಿ, ಯು.'

ಹಾವೇರಿ ದನದ ಸಂತ್ಯಾಗ ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡದ ಯಾರೂ ರೊಕ್ಕ ಬಿಚ್ಚಂಗಿಲ್ಲ. ಕೊಂಬಿಗೆ ಎಷ್ಟು ಬಣ್ಣ ಹಚ್ಚಿದ್ರೂ ವಯಸ್ಸು ಹಲ್ಲಿನ್ಯಾಗ ಗೊತ್ತಾಗತೈತಿ. ಪ್ರೊಸೆಸರ್ ಅಂದ್ರ ಲ್ಯಾಪ್‌ಟಾಪಿನ ಮಿದುಳು, ಐ7 ಅನ್ನೂದು ಇಂಟೆಲ್ ಕಂಪನಿ ಪ್ರೊಸೆಸರಿನ ಹೆಸರು. ಅದರ ಹಲ್ಲು ಅಂದ್ರ ಈ ನಂಬರ್. 4600ರ ಮೊದಲ ಅಂಕಿ 4, ಅಂದ್ರ ಇಂಟೆಲ್‌ನ ನಾಲ್ಕನೇ ತಲೆಮಾರು, 2013ರ ಮಾಲು. ಹೆಸರಿಗೆ ಐ7, ಒಳಗಿರೂದು ಎರಡೇ ಕೋರ್, ಅಂದ್ರ ಲೆಕ್ಕ ಮಾಡೂ ಎರಡೇ ಘಟಕ. ಐ7ಕ್ಕಿಂತ ಕೆಳಗಿನ ದರ್ಜೆದ 2022ರ ಐ3-1215ಯು ಒಳಗ ಆರು ಅದಾವು! ಮ್ಯಾಲೆ ವಿಂಡೋಸ್ 11ಕ್ಕ ಇಂಟೆಲ್‌ನದು ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು.

ಪ್ರೊಸೆಸರ್ ಮಾಡೂ ಎಎಂಡಿ ಕಂಪನಿ ಕಡೆ ಇನ್ನೊಂದು ತಮಾಷೆ. ರೈಜೆನ್ 5 7520ಯು ಅಂತ ಬರದಿದ್ರ 7 ನೋಡಿ ಹಿಗ್ಗಬ್ಯಾಡ್ರಿ, ಮೂರನೇ ಅಂಕಿ 2 ನೋಡ್ರಿ, ಒಳಗಿನ ವಿನ್ಯಾಸ ಹೇಳೂದು ಅದು. ಒಳಗಿರೂದು 2019ರಾಗ ಬಂದ ಝೆನ್ 2 ವಿನ್ಯಾಸ. ಹಲ್ಲು ತಿಕ್ಕಿ ನಿಲ್ಲಿಸಿದ ಎತ್ತು. ಕೆಲಸ ಮಾಡತೈತಿ, ಇಲ್ಲನ್ನಂಗಿಲ್ಲ, ಆದ್ರ ಹೊಸಾದರ ರೇಟ್ ಯಾಕ ಕೊಡಬೇಕು?

ಹುಡುಗ ಬಿ.ಕಾಂ. ಟ್ಯಾಲಿ, ಎಕ್ಸೆಲ್, ರಾತ್ರಿ ಯೂಟ್ಯೂಬ್. ಇದಕ್ಕ ದೊಡ್ಡ ಗೇಮ್ ಆಡವ್ರಿಗೆ ಬೇಕಾಗೂ ಗ್ರಾಫಿಕ್ಸ್ ಕಾರ್ಡ್ ಬೇಕಂತ ಅಂಗಡ್ಯಾವ ಹೇಳಿದ್ನಂತ. ಚಟ್ನಿ ಅರಿಯಾಕ ಜೆಸಿಬಿ ತರಿಸಿದಂಗ.

ನಾ ಹೇಳೂದು, ರೊಕ್ಕ ಮೊದಲ ಎಸ್‌ಎಸ್‌ಡಿಗೆ (ಫೈಲ್ ಇಡೂ ಚಿಪ್ಪಿನ ಡ್ರೈವ್) ಹೋಗ್ಲಿ. ಧಾರವಾಡದಾಗ ನಂದೊಂದು ಸಣ್ಣ ಟೈಪಿಂಗ್ ಅಂಗಡಿ. ಅಲ್ಲಿರೂ 2016ರ ಡೆಸ್ಕ್‌ಟಾಪ್ ಮುಂಜಾನೆ ಆನ್ ಮಾಡಿ, ಎದುರಿನ ಹೋಟೆಲಿನ್ಯಾಗ ಚಾ ಕುಡದು ಬಂದ್ರೂ ಕನ್ನಡ ಟೈಪಿಂಗಿನ 'ನುಡಿ' ಸಾಫ್ಟ್‌ವೇರ್ ತೆರಕೊಂಡಿರ್ತಿರ್ಲಿಲ್ಲ. ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ಪ್ರೊಸೆಸರ್ ಅದೇ, ರ‍್ಯಾಮ್ (ಕೆಲಸ ನಡೆದಾಗ ಬಳಸೂ ಮೆಮೊರಿ) ಅದೇ. ಈಗ ಕುರ್ಚಿ ಸರಿಸಿ ಕೂಡೂದ್ರಾಗ ರೆಡಿ. ಹಾರ್ಡ್ ಡಿಸ್ಕಿನ್ಯಾಗ ತಿರಗೂ ತಟ್ಟಿ ಮ್ಯಾಲೆ ಮುಳ್ಳು ಓಡಾಡಿ ಒಂದೊಂದು ಫೈಲ್ ಹುಡುಕಬೇಕು. ಎಸ್‌ಎಸ್‌ಡಿಯೊಳಗ ತಿರಗೂದು ಏನೂ ಇಲ್ಲ. (ಹೋಟೆಲಿನವ ಮಾತ್ರ ಮುಖ ಊದಿಸ್ಯಾನ.)

ರ‍್ಯಾಮ್ 8 ಜಿಬಿ ಸಾಕು. ಕ್ರೋಮ್‌ನಾಗ ಇಪ್ಪತ್ತು ಟ್ಯಾಬ್ ತೆರೆಯೂ ಚಟ ಇದ್ರ 16. ಆದ್ರ ಕೆಲವ್ರಾಗ ರ‍್ಯಾಮ್ ಬೋರ್ಡಿಗೇ ಬೆಸುಗಿ ಹಾಕಿರ್ತಾರ, ಸ್ಲಾಟೂ ಇರಂಗಿಲ್ಲ, ಮುಂದ ಹೆಚ್ಚಿಸಾಕ ಬರಂಗಿಲ್ಲ. ಮೊದಲ ಕೇಳಬೇಕು. ಪರದೆ ಫುಲ್ ಎಚ್‌ಡಿ, ಐಪಿಎಸ್ (ಬಾಜೂದಿಂದ ನೋಡಿದ್ರೂ ಬಣ್ಣ ಕೆಡದ ಥರದ್ದು) ಇರ್ಲಿ. ಬಾಜೂಕ ನಿಂತು ನೋಡಿದಾಗ ಬಣ್ಣ ಕೆಟ್ಟು ಕಂಡ್ರ ಅಲ್ಲೇ ಬಿಟ್ಟು ಬರ್ರಿ.

ಇಷ್ಟೆಲ್ಲಾ ವಾಟ್ಸಾಪಿಗೆ ಬರದು ಹಾಕಿದೆ. ಹುಡುಗ ಮತ್ತೊಂದು ಅಂಗಡಿಗೆ ಹೋಗಿ ಒಂದೊಂದಾಗಿ ಕೇಳಿದನಂತ. ಅಂಗಡ್ಯಾವ ಕ್ಯಾಲ್ಕುಲೇಟರ್ ಕೆಳಗಿಟ್ಟು, 'ತಮ್ಮಾ, ನಿನ್ನ ಕಳಿಸಿದವರು ಯಾರಪಾ? ಅವರಿಗೇ ಫೋನ್ ಹಚ್ಚು' ಅಂದನಂತ.