ದೋಣಿ ಎಷ್ಟು ಜನ ಎತ್ತಬೇಕು?

ಕಾರಿನ ಹಿಂದೆ ಟ್ರೇಲರ್ ಮೇಲೆ ಎಳ್ಕೊಂಡು ಹೋಗೋ ಅಂಥ, ಮನೆಮಂದಿಯೆಲ್ಲ ಕೂತು ಎರಡ್ಮೂರು ದಿನ ಹೊಳೆ ಸುತ್ತೋ ಅಂಥ ಒಂದು ಮೋಟಾರ್ ಕ್ಯಾಟಮರಾನ್, ಅಂದ್ರೆ ಎರಡು ಒಡಲಿನ ದೋಣಿ, ಮಾಡ್ಬೇಕು ಅಂತ ಎರಡು ವರ್ಷದಿಂದ ಗೀಚ್ತಾ ಇದೀನಿ. ಗೋವಾಕ್ಕೆ ಬಂದು ಹದಿನೆಂಟು ವರ್ಷ, ಬಾರ್ಜ್ ರಿಪೇರಿ ಯಾರ್ಡಲ್ಲಿ ಡ್ರಾಯಿಂಗ್ ಕೆಲಸ, ಹಾಗಾಗಿ ಗೀಚೋದು ಕಷ್ಟ ಅಲ್ಲ. ಆದ್ರೆ ಈ ಎರಡು ವರ್ಷದಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಇಲ್ಲಿ ಯಾರಿಗೆ ನಕ್ಷೆ ತೋರಿಸಿದ್ರೂ ಮೊದಲು ಕೇಳೋದು "ಎಂಜಿನ್ ಎಷ್ಟು ಎಚ್‌ಪಿ?" ಅಂತ. ಅದೇ ನಕ್ಷೆನ ರಜೆಗೆ ಊರಿಗೆ ಹೋದಾಗ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ನಮ್ಮ ಅಪ್ಪನ ಕಾಲದಿಂದ ಗುರುತಿರೋ ಒಬ್ಬ ಮೀನುಗಾರ ಅಜ್ಜನಿಗೆ ತೋರಿಸಿದೆ, ಅವ್ರು ಕಾಗದನ ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು, "ತಮಾ, ಇದನ್ನ ಎತ್ತೂಕೆ ಎಷ್ಟ್ ಜನ ಬೇಕು?"

ಟ್ರೇಲರ್ ದೋಣಿಗೆ ಕೇಳಬೇಕಾದ ಪ್ರಶ್ನೆ ಅಜ್ಜನದ್ದೇ ಅಂತ ನಾನು ಈಗ ಖಂಡಿತವಾಗಿ ನಂಬಿದೀನಿ.

ಊರಲ್ಲಿ ನಾಡದೋಣಿ ಸಂಜೆ ಮರಳಿನ ಮೇಲೆ ಬರ್ಲೇಬೇಕು, ಹೆಗಲು ಕೊಟ್ಟು ದಬ್ಬೋರು ನಾವೇ, ಅದಕ್ಕೇ ಅಲ್ಲಿ ದೋಣಿ ಮಾಡಿಸೋನಿಗೆ ಒಂದೊಂದು ಹಲಗೆ ಭಾರನೂ ಮೊದಲೇ ಗೊತ್ತಿರ್ತದೆ. ಗೋವಾದಲ್ಲಿ ಹಾಗಲ್ಲ. ಮಾಂಡವಿ, ಜುವಾರಿ ಎರಡೂ ದೊಡ್ಡ ಹೊಳೆ, ಅದಿರು ತುಂಬಿದ ಬಾರ್ಜ್ ಓಡಾಡಿದ ನೀರು, ದೋಣಿ ಇದ್ದೋರು ಲಂಗರು ಹಾಕಿ ನೀರಲ್ಲೇ ಬಿಡ್ತಾರೆ, ಭಾರ ಆದ್ರೆ ಏನಂತೆ ಇನ್ನೊಂದು ದೊಡ್ಡ ಎಂಜಿನ್ ಹಾಕಿದ್ರಾಯ್ತು. ಆ ನೀರಿಗೆ ಆ ಪದ್ಧತಿ ಸರಿನೇ, ಅದನ್ನ ತಪ್ಪು ಅನ್ನಲ್ಲ. ಆದ್ರೆ ಪ್ರತಿ ಸಲ ನೀರಿಂದ ಮೇಲೆ ಬಂದು, ಕಾರಿನ ಹಿಂದೆ ಊರಿನ ದಾರಿಯ ಕರ್ಮಲ್ ಘಾಟಿ ಹತ್ತಿ ಇಳಿಯೋ ದೋಣಿಗೆ ಊರಿನ ಲೆಕ್ಕನೇ ಬೇಕು.

ಕ್ಯಾಟಮರಾನ್ ಯಾಕೆ ಅಂದ್ರೆ ಆಯಿಗೋಸ್ಕರ, ನಮ್ಮಮ್ಮನಿಗೋಸ್ಕರ. ಒಂದೇ ಒಡಲಿನ ಸಣ್ಣ ದೋಣಿ ನಿಂತಲ್ಲಿ ಹೊರಳಾಡ್ತದೆ, ಒಬ್ಬರು ಎದ್ದು ಈ ಪಕ್ಕಕ್ಕೆ ಬಂದ್ರೆ ವಾಲ್ತದೆ, ಎಪ್ಪತ್ತು ದಾಟಿದೋರಿಗೆ ಅದು ಆಗೋದಲ್ಲ. ಎರಡು ಹಲ್, ಅಂದ್ರೆ ಒಡಲು, ದೂರ ದೂರ ಇದ್ರೆ ಜಗಲಿ ಮೇಲೆ ಕೂತಂಗೆ ಇರ್ತದೆ. ಕ್ಯಾಟಮರಾನ್ ಅನ್ನೋ ಹೆಸರು ತಮಿಳಿನ ಕಟ್ಟುಮರದಿಂದ ಹೋಗಿದ್ದು, ಆದ್ರೆ ಕಟ್ಟುಮರ ಅಂದ್ರೆ ದಿಮ್ಮಿ ಜೋಡಿಸಿ ಕಟ್ಟಿದ ತೆಪ್ಪ, ಎರಡು ಒಡಲಿನ ದೋಣಿ ಅಲ್ಲ. ಆ ಆಕಾರಕ್ಕೆ ನಿಜವಾಗಿ ಹತ್ತಿರ ಇರೋದು ನಮ್ಮ ಜಂಗಲ್, ಎರಡು ದೋಣಿ ಪಕ್ಕ ಪಕ್ಕ ಇಟ್ಟು ಮೇಲೆ ಹಲಗೆ ಹಾಸಿ ಜನ, ದನ, ಸಾಮಾನು ದಾಟಿಸ್ತಿದ್ರಲ್ಲ, ಅದು. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ಬರಹ ಪೆರಿಪ್ಲಸ್‌ನಲ್ಲಿ ದಕ್ಷಿಣದ ಕರಾವಳಿಯ 'ಸಂಗರ' ಅನ್ನೋ ಜೋಡಿಸಿ ಕಟ್ಟಿದ ದೋಣಿಗಳ ಮಾತು ಬರ್ತದೆ, ತುಳುವಿನ ಜಂಗಾಲ, ಮಲಯಾಳದ ಚಂಗಾಡ ಎಲ್ಲ ಅದೇ ಬಳ್ಳಿ ಅಂತ ಪದ ಬಲ್ಲವರು ಹೇಳ್ತಾರೆ. ಅಷ್ಟು ಹಳೇ ಬುದ್ಧಿ ನಮ್ಮ ದಡದಲ್ಲೇ ಇದೆ.

ಈಗ ಪೇಚು ಎಲ್ಲಿದೆ ಅಂದ್ರೆ ರಸ್ತೆಯಲ್ಲಿ. ನಮ್ಮ ಮೋಟಾರು ವಾಹನ ನಿಯಮದಲ್ಲಿ ಅಗಲ 2.6 ಮೀಟರ್ ದಾಟಂಗಿಲ್ಲ. ಕ್ಯಾಟಮರಾನ್‌ಗೆ ಎರಡು ಹಲ್ ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು, ಟ್ರೇಲರ್‌ಗೆ ಎಷ್ಟು ಹತ್ತಿರ ಇದ್ರೆ ಅಷ್ಟು ಒಳ್ಳೇದು. ಬಹಳ ಜನ 2.5 ಮೀಟರಿಗೇ ಒಪ್ಪಿಕೊಂಡು ಹಲ್‌ಗಳನ್ನ ಒತ್ತೊತ್ತಾಗಿ ಇಟ್ಟುಬಿಡ್ತಾರೆ. ನಾನೂ ಮೊದಲು ಹಾಗೇ ಮಾಡಿದ್ದು, ಐದು ಮೀಟರ್ ಉದ್ದದ್ದು ಒಂದು, 2.4 ಅಗಲ.

ಅದನ್ನ ಇಳಿಸಿ ಎರಡನೇ ವಾರ ಎಲ್ಲರನ್ನೂ ಕೂರಿಸ್ಕೊಂಡು ರಾಯಬಂದರ್‌ನಿಂದ ಚೋಡಣ ದ್ವೀಪದ ಕಡೆ ಹೊರಟ್ವಿ. ಫೆರಿ ಎದುರಿಗೆ ದಾಟಿ ಹೋಯ್ತು, ಅದರ ಅಲೆ ಏನು ದೊಡ್ಡದಲ್ಲ, ಮೊಣಕಾಲೆತ್ತರ ಕೂಡ ಇಲ್ಲ. ಅದು ಎರಡು ಹಲ್ ನಡುವೆ ನುಗ್ಗಿ, ನಮ್ಮದೇ ಹಲ್‌ಗಳ ಅಲೆ ಜೊತೆ ಸೇರಿ ಮೇಲೆದ್ದು, ಡೆಕ್ಕಿನ ಅಡಿಗೆ ಧಡ್ ಅಂತ ಹೊಡೀತು ನೋಡಿ, ಕಾಲಡಿ ಹಲಗೆ ಒದ್ದಂಗಾಯ್ತು, ಆಯಿ ತೊಡೆ ಮೇಲಿದ್ದ ಒಗ್ಗರಣೆ ಅವಲಕ್ಕಿ ಡಬ್ಬಿ ಹಾರಿ ಬಿತ್ತು, ಸಣ್ಣೋಳು ಹೆದರಿ ನನ್ನ ಶರ್ಟ್ ಹಿಡ್ಕೊಂಡು ದಡ ಮುಟ್ಟೋ ತನಕ ಬಿಡ್ಲಿಲ್ಲ. ಆಯಿ ಒಂದು ಮಾತೂ ಆಡದೆ ಅವಲಕ್ಕಿ ಗೋರಿದ್ರು, ನನಗೆ ಅದು ಇನ್ನೂ ಮನಸ್ಸಲ್ಲಿದೆ.

ದಡಕ್ಕೆ ಬಂದು ಟೇಪ್ ಹಿಡಿದೆ. ನಕ್ಷೆಯಲ್ಲಿ ನೀರಿಂದ ಡೆಕ್ಕಿನ ಅಡಿಗೆ 22 ಸೆಂಟಿಮೀಟರ್, ಆವತ್ತು ಇದ್ದದ್ದು 15. ಆ ಏಳು ಸೆಂಟಿಮೀಟರ್ ಎಲ್ಲಿ ಹೋಯ್ತು ಅಂತ ಲೆಕ್ಕ ಹಾಕಿದ್ರೆ ಸುಮಾರು 250 ಕೆಜಿ ಹೆಚ್ಚು ಭಾರ ಹೊತ್ತಿದ್ದೆ. ಸಪೂರ ಹಲ್‌ಗಳ ಗುಣನೇ ಅದು, ನೀರನ್ನ ಸುಲಭಕ್ಕೆ ಸೀಳ್ತವೆ, ಆದ್ರೆ ಭಾರ ತಡ್ಕೊಳಲ್ಲ, ನೀರಿನ ಮಟ್ಟದಲ್ಲಿ ಅವುಗಳ ಅಗಲ ಕಮ್ಮಿ ಅಲ್ವಾ. ಈಗ ಮಾಡ್ತಿರೋ ಹೊಸದು ಆರೂವರೆ ಮೀಟರ್ ಉದ್ದ, ಒಂದೊಂದು ಹಲ್ ನೀರಲ್ಲಿ 60 ಸೆಂಟಿಮೀಟರ್ ಅಗಲ, ಅದು ಕೂಡ ಹೆಚ್ಚುಕಮ್ಮಿ 50 ಕೆಜಿಗೆ ಒಂದು ಸೆಂಟಿಮೀಟರ್ ಮುಳುಗ್ತದೆ. ಅಂದ್ರೆ ಒಂದು ಐಸ್ ಪೆಟ್ಟಿಗೆ, ಒಂದು ಗ್ಯಾಸ್ ಸಿಲಿಂಡರ್ ಸೇರಿದ್ರೆ ಒಂದು ಸೆಂಟಿಮೀಟರ್ ಹೋಯ್ತು. ಪ್ಲೈವುಡ್ದೂ ಅದೇ ಕಥೆ: ಹೊರದೇಶದ ನಕ್ಷೆಗಳು ಒಕುಮೆ ಅನ್ನೋ ಹಗುರ ಮರದ ಮೇಲೆ ಲೆಕ್ಕ ಹಾಕಿರ್ತವೆ, 6 ಎಂಎಂದು ಎಂಟು ಬೈ ನಾಲ್ಕು ಶೀಟು ಒಂಬತ್ತು ಕೆಜಿ ಆಸುಪಾಸು, ನಾನು ಇಲ್ಲಿ ತಂದ, ನಮ್ಮ ದೇಶದ ಐಎಸ್ 710 ಗುಣಮಟ್ಟದ ಮರೀನ್ ಪ್ಲೈ ತಕ್ಕಡಿಗೆ ಇಟ್ರೆ ಹದಿಮೂರರ ಮೇಲೆ. ಮೂವತ್ತು ಶೀಟಿಗೆ ನೂರಿಪ್ಪತ್ತು ಕೆಜಿ, ಜನ ಹತ್ತೋಕೆ ಮುಂಚೇನೇ ಎರಡು ಸೆಂಟಿಮೀಟರ್ ಖಾಲಿ. ಇದನ್ನ ಯಾವ ಎಚ್‌ಪಿನೂ ವಾಪಸ್ ತಂದುಕೊಡಲ್ಲ, ದೊಡ್ಡ ಎಂಜಿನ್ ಹಾಕಿದ್ರೆ ಅದರ ಭಾರ, ಅದರ ಪೆಟ್ರೋಲಿನ ಭಾರ ಸೇರಿ ಇನ್ನೂ ಮುಳುಗ್ತದೆ.

ಹಂಗಾಗಿ ಹೊಸದನ್ನ ಜಂಗಲ್ ಥರನೇ ಬಿಚ್ಚಿ ಜೋಡಿಸೋ ಹಾಗೆ ಬರೆದಿದೀನಿ. ರಸ್ತೆ ಮೇಲೆ ಎರಡು ಹಲ್ ಪಕ್ಕಪಕ್ಕ ಮಲಗಿರ್ತವೆ, ನಡುವಿನ ಡೆಕ್ ಎರಡು ತುಂಡಾಗಿ ಮೇಲೆ ಕೂರ್ತದೆ, ನೀರಿನ ಹತ್ರ ಬಂದ ಮೇಲೆ ಮೂರು ಅಲ್ಯೂಮಿನಿಯಂ ತೊಲೆ ಹಾಕಿ ಬೋಲ್ಟ್ ಬಿಗಿದ್ರೆ 3.2 ಮೀಟರ್ ಅಗಲ. ಭಾರ ಹೇರಿದ ಮೇಲೂ ನೀರಿಂದ ಡೆಕ್ಕಿನ ಅಡಿಗೆ 40 ಸೆಂಟಿಮೀಟರ್ ಇರಬೇಕು ಅಂತ ಪಟ್ಟು ಹಿಡಿದಿದೀನಿ. ಹಿಂದೆ ಒಂದೊಂದು ಹಲ್‌ಗೆ 20 ಎಚ್‌ಪಿದು ಒಂದೊಂದು ಔಟ್‌ಬೋರ್ಡ್ ಎಂಜಿನ್, ಸಾಕು. ಹತ್ತು ನಾಟ್ ಅಂದ್ರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್, ಮಕ್ಕಳು ದಡದ ಮೇಲಿನ ಮೊಸಳೆ ಗುರುತಿಸೋಕೆ ಅದಕ್ಕಿಂತ ಜೋರು ಬೇಡವೇ ಬೇಡ.

ಇಲ್ಲಿಯ ಗೆಳೆಯರು ಇದಕ್ಕೆ ಒಂದು ಆಕ್ಷೇಪ ಎತ್ತುತಾರೆ, ಅದು ನಿಜನೂ ಹೌದು: ಜೋಡಿಸೋಕೆ ಮುಕ್ಕಾಲು ಗಂಟೆ ಬೇಕು, ಬಿಸಿಲಲ್ಲಿ ಮನೆಯವ್ರು ನಿಂತಿರ್ಬೇಕು, ಒಂದು ಬೋಲ್ಟ್ ಮರೆತ್ರೆ ಪ್ರಾಣಕ್ಕೆ ಬರ್ತದೆ. ಅದಕ್ಕೆ ಬೋಲ್ಟ್‌ಗೆಲ್ಲ ಕೆಂಪು ಬಣ್ಣ ಬಳಿದು ಎಣಿಸಿ ಹಾಕೋದು, ಲೈಫ್ ಜಾಕೆಟ್ ಹಾಕದೆ ಯಾರೂ ಡೆಕ್ ಹತ್ತಂಗಿಲ್ಲ ಅನ್ನೋದು, ಇವೆರಡೂ ಮನೆಯಲ್ಲಿ ಈಗಲೇ ನಿಯಮ. ಮುಕ್ಕಾಲು ಗಂಟೆ ನನಗೆ ದೊಡ್ಡದಲ್ಲ, ಯಾಕಂದ್ರೆ ನೀರಲ್ಲೇ ಬಿಟ್ಟ ದೋಣಿ ಗೋವಾದಲ್ಲೇ ಉಳೀತದೆ, ಬಿಚ್ಚಿದ ದೋಣಿ ಊರಿಗೆ ಬರ್ತದೆ.

ಇಲ್ಲಿ ಕುಂಬಾರಜುವೆ ಕಾಲುವೆ ಇದೆ, ಮಾಂಡವಿಗೂ ಜುವಾರಿಗೂ ನಡುವಿನ ನೀರು, ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಕೆಸರಿನ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಈ ಮಾಂಡವಿನೇ ಮೇಲೆ ಖಾನಾಪುರದ ಕಾಡಲ್ಲಿ ನಮ್ಮ ಮಹದಾಯಿ, ನೌಕಾಪಡೆಯ 'ಮ್ಹಾದೇಯಿ' ಹಾಯಿದೋಣಿಗೂ ಇದರದ್ದೇ ಹೆಸರು, ದಿವಾಡಿ ದ್ವೀಪದಲ್ಲಿ ಕಟ್ಟಿ 2009ರಲ್ಲಿ ನೀರಿಗಿಳಿಸಿದ್ದು. ಇಲ್ಲಿಂದ ಕಾರವಾರ ರಸ್ತೆ ಮೇಲೆ ನೂರು ಕಿಲೋಮೀಟರ್ ಆಸುಪಾಸು, ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದೊಳಗೆ ಕಾಳಿ ಹೊಳೆಯಲ್ಲಿ ಇಳಿಸಬಹುದು, ಮರುದಿನ ಹೊನ್ನಾವರದ ಶರಾವತಿ. ಸಮುದ್ರದ ಮೇಲೆ ಹೋದ್ರೆ ಅಳಿವೆ ದಾಟಬೇಕು, ಮರಳು ದಿಬ್ಬದ ಮೇಲೆ ಅಲೆ ಒಡೆಯೋ ಜಾಗದಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಮಾತೇ ಇಲ್ಲ. ಜೂನ್ ಒಂದರಿಂದ ಜುಲೈ ಮುಗಿಯೋ ತನಕ ಮಳೆಗಾಲದ ಮೀನುಗಾರಿಕೆ ನಿಷೇಧ, ಮೀನು ಹಿಡಿಯೋ ಟ್ರಾಲರ್‌ಗಳೇ ದಡದಲ್ಲಿ ಕಟ್ಟಿರ್ತವೆ, ನಮ್ಮದೂ ಮನೆ ಶೆಡ್ಡಲ್ಲಿ, ಲಂಗರು ಕಿತ್ತೀತು ಅಂತ ರಾತ್ರಿ ಎದ್ದು ಹೊಳೆಗೆ ಓಡೋ ಪಾಡಿಲ್ಲ.

ನಮ್ಮ ಘಟ್ಟದ ಕೆಳಗಿನವ್ರಲ್ಲಿ ಹೊಳೆ ಅಂದ್ರೆ ದಾಟೋದು ಅಥವಾ ಮೀನು, ಹೆಂಗಸರು ಮಕ್ಕಳು ಸುಮ್ನೆ ನೀರ ಮೇಲೆ ಒಂದು ದಿನ ಕಳೆಯೋ ರೂಢಿ ಇಲ್ಲ, ಅದನ್ನ ಗೋವಾದವ್ರಿಂದ ಕಲೀಬೇಕು, ಭಾನುವಾರ ಗಾಳ ಹಿಡಿದು ಮನೆಮಂದಿಯೆಲ್ಲ ದಡದಲ್ಲಿ ಕೂರೋರು ಅವ್ರು. ಆಯಿ ಹುಟ್ಟಿದ್ದು ಶರಾವತಿ ದಡದಲ್ಲಿ, ಆ ಹೊಳೆ ಮೇಲೆ ಆಚೆ ದಡ ಮುಟ್ಟೋ ಅವಸರ ಇಲ್ಲದೆ ಅವರು ಒಂದು ಸಲನೂ ಕೂತಿಲ್ಲ.

ಹೋದ ಭಾನುವಾರ ಮೊದಲನೇ ಹಲ್ ಮುಗೀತು. ಪಕ್ಕದ ಮನೆಯವ್ರು, ಅವರ ಮಗ, ಭಾವ, ನಾನು, ನಾಲ್ಕು ಮೂಲೆ ಹಿಡಿದು ಶೆಡ್ಡಿಂದ ಅಂಗಳಕ್ಕೆ ತಂದ್ವಿ, ನಡುವೆ ಒಂದು ಸಲನೂ ಇಳಿಸ್ಲಿಲ್ಲ. ಕೈ ತೊಳೆದವನೇ ಟೊಂಕಕ್ಕೆ ಫೋನ್ ಹಚ್ಚಿದೆ.

"ಅಜ್ಜಾ, ನಾಕು ಜನ."

"ನಾಕೇ? ಅಡ್ಡಿಲ್ಲ. ಮತ್ತೊಂದು ಶುರು ಮಾಡು."