ಕೋಟೆ ಉಳಿಯುವುದು ಅದರೊಳಗೆ ಕೆಲಸ ನಡೆದರೆ

ಲಂಡನ್ ಟವರ್ ನೋಡಲು ಊರಿಂದ ಬಂದವರು ಮೊದಲು ಕೇಳುವುದು ಕೊಹಿನೂರ್ ಎಲ್ಲಿದೆ ಎಂದು. ಆಮೇಲೆ ರಾಣಿಯರ ತಲೆ ಕಡಿದ ಜಾಗ. ಆದರೆ ಆ ಕೋಟೆಯನ್ನು ಒಂಬತ್ತು ಶತಮಾನ ಉಳಿಸಿದ್ದು ಅಲ್ಲಿ ನಡೆದ ನಿತ್ಯದ ಕೆಲಸ. ಐನೂರು ವರ್ಷಕ್ಕೂ ಹೆಚ್ಚು ಕಾಲ ಟಂಕಸಾಲೆ ಅದರೊಳಗೇ ಇತ್ತು. ಮದ್ದುಗುಂಡಿನ ಉಗ್ರಾಣವಿತ್ತು, 1830ರ ದಶಕದವರೆಗೂ ಸಿಂಹಗಳಿದ್ದವು.

ಕೋಟೆಯೊಳಗಿನ ವೇಕ್‌ಫೀಲ್ಡ್ ಟವರ್ ಎಂಬ ಗೋಪುರ ಒಂದನ್ನೇ ನೋಡಿ. 13ನೇ ಶತಮಾನದಲ್ಲಿ 3ನೇ ಹೆನ್ರಿ ಅದನ್ನು ಕಟ್ಟಿಸಿದ್ದು ತನ್ನ ವಾಸಕ್ಕೆ. ಮುಂದೆ ಸರ್ಕಾರಿ ದಫ್ತರಗಳು ತುಂಬಿಕೊಂಡು ಅದಕ್ಕೆ ರೆಕಾರ್ಡ್ ಟವರ್ ಎಂದೇ ಹೆಸರಾಯಿತು. 1850ರ ದಶಕದಲ್ಲಿ ಕಾಗದಗಳು ಲಂಡನ್ನಿನ ಚಾನ್ಸರಿ ಲೇನ್ ಬೀದಿಯ ದಾಖಲೆ ಕಚೇರಿಗೆ ಹೋದವು. ಮುಂದೆ 1967ರವರೆಗೆ ರಾಜನ ಕಿರೀಟಗಳು ಅಲ್ಲಿದ್ದವು. ಪ್ರತಿ ಬಾರಿಯೂ ಹೊಸಬರು ಬಂದು ಸೂರು, ಗೋಡೆ ನೋಡಿಕೊಂಡರು.

ಕೆಟ್ಟದ್ದು 19ನೇ ಶತಮಾನದ ದುರಸ್ತಿಯಲ್ಲಿ. ಕೋಟೆ ಹಳೆಯ ಕಾಲದ್ದಾಗಿಯೇ ಕಾಣಬೇಕೆಂಬ ಹಟಕ್ಕೆ ನಡುವಿನ ಶತಮಾನಗಳ ಕಟ್ಟಡಗಳನ್ನು ಕೆಡವಿದರು. 1774ರಲ್ಲಿ ಬೆಂಕಿಗೆ ಸಿಕ್ಕ ಲ್ಯಾಂಟಾರ್ನ್ ಟವರನ್ನು 1880ರ ದಶಕದಲ್ಲಿ ಹೊಸದಾಗಿ ಕಟ್ಟಿದರು. ಅದನ್ನು 13ನೇ ಶತಮಾನದ ಗೋಪುರವೆಂದು ನಂಬುವವರು ಇಂದಿಗೂ ಇದ್ದಾರೆ. ಇದನ್ನು ನಾವು ಕಲಿಯಬಾರದು.

ನಮಗೂ ಈ ಕೋಟೆಗೂ ನಡುವೆ ಒಬ್ಬ ಮನುಷ್ಯನಿದ್ದಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಉಸ್ತುವಾರಿ ಹೊತ್ತು, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ನೆಲೆಸಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ 1826ರಿಂದ ಸಾಯುವವರೆಗೆ ಟವರ್‌ನ ಮುಖ್ಯಸ್ಥನಾಗಿದ್ದ. ಅದರ ಕಂದಕಕ್ಕೆ ಥೇಮ್ಸ್ ನೀರಿನ ಜೊತೆ ಹೂಳೂ ಬರುತ್ತಿತ್ತು. ಹರಿವಿಲ್ಲದೆ ಕೊಳೆತು ಸೈನಿಕರು ಕಾಯಿಲೆ ಬಿದ್ದರು. 1840ರ ದಶಕದಲ್ಲಿ ಅವನು ನೀರು ಬಸಿಸಿ ಕಂದಕವನ್ನು ಒಣನೆಲ ಮಾಡಿಸಿದ. ಶ್ರೀರಂಗಪಟ್ಟಣದಲ್ಲೂ ಜ್ವರವೇ ಕಾಡಿತ್ತು, ಆದರೆ ಅಲ್ಲಿ ಸೈನ್ಯವೇ 1809ರಲ್ಲಿ ಬೆಂಗಳೂರಿಗೆ ಗಂಟುಕಟ್ಟಿತು. ರಂಗನಾಥನ ಗುಡಿಯ ಸುತ್ತ ಊರು ಉಳಿಯಿತು, ಕೋಟೆಯೊಳಗಿನ ಟಿಪ್ಪುವಿನ ಅರಮನೆಗೆ ಕೇಳುವವರಿರಲಿಲ್ಲ.

ಬೆಂಗಳೂರಿನ ಕೋಟೆಯ ಬಹುಪಾಲು ಮಾಯವಾದರೂ ಟಿಪ್ಪುವಿನ ತೇಗದ ಕಂಬಗಳ ಅರಮನೆ ನಿಂತಿದೆ. 1831ರಿಂದ 1868ರವರೆಗೆ, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಸಿದ್ಧವಾಗುವ ತನಕ, ಮೈಸೂರು ಸೀಮೆಯ ಆಡಳಿತ ಕಚೇರಿ ನಡೆದದ್ದು ಆ ಕಂಬಗಳ ನಡುವೆಯೇ. ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಡತ ನೋಡಿದ್ದು ಅಲ್ಲಿ. ಟಿಪ್ಪುವಿನ ಕಥೆಯಷ್ಟೇ ಗಟ್ಟಿಯಾಗಿ ಈ 37 ವರ್ಷಗಳನ್ನೂ ಅಲ್ಲಿ ಹೇಳಬೇಕು: ಯಾವ ಕೋಣೆಯಲ್ಲಿ ಯಾವ ಇಲಾಖೆ ಕೂತಿತ್ತು ಎಂಬುದನ್ನು ದಾಖಲೆಗಳಿಂದ ಹುಡುಕಿ, ನಕ್ಷೆ ಬರೆಸಿ, ಬಾಗಿಲಲ್ಲೇ ಕನ್ನಡದಲ್ಲಿ ಹಾಕಬೇಕು.