ಬೀಟಾಡಿನ್ ಹಚ್ಚಿದರೆ ಕಲೆ ಉಳಿಯುತ್ತಾ?

"ಬೀಟಾಡಿನ್ ಹಚ್ಚಬೇಡಿ, ಅದು ಚರ್ಮದ ಜೀವಕೋಶಗಳನ್ನೇ ಸಾಯಿಸುತ್ತದೆ, ಕಲೆ ಹೋಗೋದೇ ಇಲ್ಲ" ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಇನ್ನೊಂದು ಕಡೆ, ಮಂಡಿ ತರಚಿದ್ದಕ್ಕೂ ಹದಿನೈದು ದಿನ ಬೆಳಿಗ್ಗೆ ಸಂಜೆ ಅದನ್ನೇ ಬಳಿಯುವವರಿದ್ದಾರೆ. ನನಗೆ ಇಬ್ಬರ ಮೇಲೂ ಸಿಟ್ಟು. ಹೆದರಿಸುವವರ ಮೇಲೆ ಸ್ವಲ್ಪ ಜಾಸ್ತಿ, ಯಾಕೆಂದರೆ ಅವರು ಅರ್ಧ ನಿಜ ಹೇಳಿ ಸುಮ್ಮನಾಗುತ್ತಾರೆ.

ಆ ಅರ್ಧ ನಿಜ ಬಂದಿದ್ದು ಲ್ಯಾಬಿನಿಂದ. 1985ರಲ್ಲಿ ಲೈನ್‌ವೀವರ್ ಮತ್ತು ಸಂಗಡಿಗರು ಮನುಷ್ಯರ ಫೈಬ್ರೋಬ್ಲಾಸ್ಟ್‌ಗಳನ್ನು, ಅಂದರೆ ಗಾಯದ ಜಾಗದಲ್ಲಿ ಹೊಸ ಅಂಗಾಂಶ ಕಟ್ಟುವ ಜೀವಕೋಶಗಳನ್ನು, ಲ್ಯಾಬಿನಲ್ಲಿ ಬೆಳೆಸಿ, ಬೀಟಾಡಿನ್‌ನಲ್ಲಿರುವ ಔಷಧಿಯಾದ ಪೊವಿಡೋನ್ ಅಯೋಡಿನ್ ಹಾಕಿ ನೋಡಿದರು. ಶೇ 1ರ ದ್ರಾವಣಕ್ಕೆ ಅವು ಸತ್ತವು. ಹೈಡ್ರೋಜನ್ ಪೆರಾಕ್ಸೈಡಿಗೂ ಸತ್ತವು. ಮೆಸೇಜು ಇಲ್ಲಿಗೆ ಮುಗಿಯುತ್ತದೆ. ಅದೇ ಪ್ರಯೋಗದಲ್ಲಿ ಅಯೋಡಿನ್ ದ್ರಾವಣವನ್ನು ಶೇ 0.001ಕ್ಕೆ ತೆಳು ಮಾಡಿದಾಗ ಜೀವಕೋಶ ಉಳಿದು ಬ್ಯಾಕ್ಟೀರಿಯಾ ಮಾತ್ರ ಸತ್ತವು. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ?

ಲ್ಯಾಬಿನ ತಟ್ಟೆಯೇ ಬೇರೆ, ಮೈಯೇ ಬೇರೆ. ಒಸರುವ ಗಾಯದ ಡ್ರೆಸ್ಸಿಂಗ್ ಬಿಚ್ಚುವಾಗ ಗಮನಿಸಿ: ಕಟ್ಟುವಾಗ ಕಡು ಕಂದು ಬಣ್ಣಕ್ಕಿದ್ದ ಬಟ್ಟೆ, ನೀರು ಕೀವು ತಾಗಿದ ಕಡೆ ಬಿಳಚಿಕೊಂಡಿರುತ್ತದೆ, ಅಂಚಿನಲ್ಲಿ ಹಾಗೇ ಕಂದಾಗಿರುತ್ತದೆ. ಬಣ್ಣ ಹೋದ ಕಡೆ ಅಯೋಡಿನ್ ಖರ್ಚಾಗಿದೆ ಎಂದರ್ಥ. ರಕ್ತ, ಕೀವು ಅದರ ಶಕ್ತಿಯನ್ನು ಬೇಗ ಇಳಿಸಿಬಿಡುತ್ತವೆ. ಹಾಗಾಗಿ ತಟ್ಟೆಯಲ್ಲಿ ಆದದ್ದೇ ನಿಮ್ಮ ಮೊಣಕಾಲಲ್ಲೂ ಆಗುತ್ತದೆ ಅನ್ನಲು ಬರುವುದಿಲ್ಲ. 2010ರಲ್ಲಿ ವರ್ಮೂಲನ್ ತಂಡ ರೋಗಿಗಳ ಮೇಲೆ ನಡೆದ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬೇರೆ ಔಷಧಿ, ಡ್ರೆಸ್ಸಿಂಗ್‌ಗಳಿಗೆ ಹೋಲಿಸಿದರೆ ಅಯೋಡಿನ್ನಿಂದ ಗಾಯ ಮಾಯುವುದು ತಡವಾಗಲಿಲ್ಲ. ಬೇಗವೂ ಆಗಲಿಲ್ಲ, ಅದನ್ನೂ ಹೇಳಬೇಕು.

ಹಾಗಾದರೆ ಕಲೆ ಯಾವುದರಿಂದ? ಗಾಯ ಎಷ್ಟು ಆಳ, ಕೀವಾಯಿತಾ, ಮಾಯಲು ಎಷ್ಟು ವಾರ ಹಿಡಿಯಿತು, ಯಾವ ಜಾಗ, ಮನೆತನದಲ್ಲಿ ಕೀಲಾಯ್ಡ್ (ಗಾಯದ ಅಂಚು ಮೀರಿ ಉಬ್ಬಿ ಬೆಳೆಯುವ ಕಲೆ) ಇದೆಯಾ, ಇವೇ ಮುಖ್ಯ. ಎದೆ, ಭುಜ, ಕಿವಿಯ ಹಾಲೆ ಕೀಲಾಯ್ಡಿಗೆ ಕುಖ್ಯಾತ. ಇನ್ನು ನಮ್ಮ ಮನೆಗಳ ಹಳೇ ಮಾತು, "ಗಾಯಕ್ಕೆ ಗಾಳಿ ಆಡ್ಲಿ, ಹಕ್ಕಳೆ ಕಟ್ಲಿ". 1962ರಲ್ಲೇ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪರೀಕ್ಷಿಸಿ, ಪಾಲಿಥೀನ್ ಹಾಳೆ ಮುಚ್ಚಿ ತೇವ ಇಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆ ಎಂದು ತೋರಿಸಿದ್ದರು. ಅರವತ್ತು ವರ್ಷ ದಾಟಿತು, ನಾವಿನ್ನೂ ಗಾಯ ಒಣಗಿಸುತ್ತಾ ಕೂತಿದ್ದೇವೆ. ಕೆಲವರಂತೂ ಕಾಫಿಪುಡಿ ಮೆತ್ತುತ್ತಾರೆ.

ನನ್ನ ಪ್ರಕಾರ, ಸಣ್ಣ ತರಚು ಗಾಯಕ್ಕೆ ನಲ್ಲಿ ನೀರು, ಸೋಪು ಸಾಕು. ಆಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ ಮುಚ್ಚಿಡಿ. ಬೈಕಿನಿಂದ ಬಿದ್ದು ರಸ್ತೆ ಮಣ್ಣು ಮೆತ್ತಿದ್ದರೆ ಚೆನ್ನಾಗಿ ತೊಳೆದು ಮೊದಲ ಸಲ ಅಯೋಡಿನ್ ಹಚ್ಚಿ, ಟಿಟಿ ಇಂಜೆಕ್ಷನ್ ವಿಚಾರ ಡಾಕ್ಟರನ್ನು ಕೇಳಿ. ಗಾಯ ಸ್ವಚ್ಛವಾಗಿ ಕೆಂಪಗೆ ತುಂಬಿಕೊಳ್ಳುತ್ತಿರುವಾಗ ದಿನಾ ಬಳಿಯುವುದು ಯಾಕೆ? ನಾಯಿ ಕಚ್ಚಿದರೆ ಮಾತ್ರ ಕಲೆಯ ಚಿಂತೆ ಬಿಟ್ಟು, 15 ನಿಮಿಷ ಸೋಪುನೀರಲ್ಲಿ ತೊಳೆದು, ಅಯೋಡಿನ್ ಹಚ್ಚಿ, ತಕ್ಷಣ ರೇಬೀಸ್ ಲಸಿಕೆಗೆ ಓಡಿ. ಹಸುಗೂಸುಗಳಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ, ದೊಡ್ಡ ಸುಟ್ಟಗಾಯಕ್ಕೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ, ಅಯೋಡಿನ್ ಮೈಗೆ ಇಳಿಯುತ್ತದೆ.

ಅಂದಹಾಗೆ, ನಮ್ಮಂಥ ಕಂದು ಚರ್ಮದವರು ಕಲೆ ಅನ್ನುವುದರಲ್ಲಿ ಎಷ್ಟೋ ಬರೀ ಕಪ್ಪು ಗುರುತು, ಮುಟ್ಟಿದರೆ ಚರ್ಮ ನುಣ್ಣಗೇ ಇರುತ್ತದೆ. ಬಿಸಿಲು ತಾಗದಂತೆ ನೋಡಿಕೊಂಡರೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಉಬ್ಬಿ ಗಟ್ಟಿಯಾಗಿ ತುರಿಸುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಸಿಲಿಕೋನ್ ಜೆಲ್ ಬಗ್ಗೆ ಕೇಳಿ.